ಕೆಮ್ಮದೆ ನಿಂತ ಗಾಡಿ

ಜುಲೈ ೬, ಭಾನುವಾರ

ಗಾಡಿ ವಾಪಸ್ ಬಂತು. ಪೊಲೀಸರು ತಮ್ಮ ಅಂಗಳದಲ್ಲಿ ಬಿಸಿಲಿಗೂ ಮಳೆಗೂ ನಿಲ್ಲಿಸಿಕೊಂಡು, ಸಾಕಾದ ಮೇಲೆ ‘ತಗೊಂಡು ಹೋಗಿ’ ಅಂದರು. ಸ್ಟಾರ್ಟ್ ಆಗುತ್ತೋ ಇಲ್ಲವೋ ಅಂತ ಹಗ್ಗ, ಕೇಬಲ್ಲು ಎಲ್ಲ ಹೊತ್ತುಕೊಂಡು ಹೋಗಿದ್ದೆ. ಬಿಚ್ಚಿಟ್ಟಿದ್ದ ಬ್ಯಾಟರಿ ತಂತಿ ಸೇರಿಸಿ ಕೀಲಿ ತಿರುಗಿಸಿದ್ದೇ ತಡ, ಏನೂ ನಡೆದೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಯಿತು. ಅದರ ಮೂತಿಗೆ ಎರಡು ಬಾರಿಸಬೇಕು ಅನ್ನಿಸಿತು.

ಗ್ಯಾರೇಜಿನಲ್ಲಿ ಗಾಡಿ ಪರೀಕ್ಷೆ ಮಾಡಿದ್ದನ್ನ ಬರೆದಿಡೋದು ನನ್ನ ಅಭ್ಯಾಸ. ಇದೂ ಅಷ್ಟೇ. ಬೇರೆ ಏನೂ ಬರೆಯೋದಿಲ್ಲ.

ಗೊತ್ತಿರೋದು ಇಷ್ಟು. ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಅಣ್ಣ ಈ ಗಾಡಿಯಲ್ಲಿ ಹೊಳೆಯಾಚೆಗೆ, ಮಗಳ ಹಾಸ್ಟೆಲ್ಲಿಗೆ ಹೊರಟಿದ್ದ. ಸೇತುವೆ ಹತ್ತಿ ಸ್ವಲ್ಪ ದೂರದಲ್ಲಿ ಗಾಡಿ ಓರೆಗೆ ನಿಂತಿತ್ತು. ಕೀಲಿ ಅದರಲ್ಲೇ ಇತ್ತು, ಬಾನೆಟ್ ಮುಚ್ಚಿತ್ತು. ಅಣ್ಣ ಮಂಗಳವಾರ ಕೆಳಗೆ ನೀರಿನಲ್ಲಿ ಸಿಕ್ಕಿದ. ಪೇಪರ್ ಹಾಕುವವನು ಸೈಕಲ್ಲಿನಲ್ಲಿ ಹೋಗ್ತಾ ಗಾಡಿ ನಿಲ್ಲೋದನ್ನ ನೋಡಿ ಹಾಗೇ ಮುಂದೆ ಹೋದನಂತೆ. ‘ಜಗ್ಗಲಿಲ್ಲ, ಕೆಮ್ಮಲಿಲ್ಲ. ಮೆಲ್ಲಗೆ ಜಾರಿಕೊಂಡು ಬಂದು ನಿಂತಿತು’ ಅಂದಿದ್ದಾನೆ. ಕೆಟ್ಟ ಗಾಡಿ ಹಾಗೆ ನಿಲ್ಲೋದಿಲ್ಲ, ಬೇಕು ಅಂತಲೇ ನಿಲ್ಲಿಸಿ ಹಾರಿದ್ದಾರೆ ಅಂತ ಪೊಲೀಸರು ಷರಾ ಬರೆದು ಮುಗಿಸಿದರು.

ಅಣ್ಣ ಹಾರೋ ಪೈಕಿ ಅಲ್ಲ. ಮೆಟ್ಟಿಲು ಇಳಿಯೋಕೂ ಮಂಡಿ ಹಿಡ್ಕೊಂಡು ಬೈತಿದ್ದ. ಗಾಡಿಯಲ್ಲಿ ಏನೋ ದೋಷ ಇದೆ. ಹುಡುಕ್ತೀನಿ.

ಜುಲೈ ೮, ಮಂಗಳವಾರ

ಗಾಡಿಯ ಕಂಪ್ಯೂಟರಿನಲ್ಲಿ ದೋಷ ಏನಾದರೂ ದಾಖಲಾಗಿದೆಯಾ ಅಂತ ಸ್ಕ್ಯಾನರ್ ಹಾಕಿದೆ. ಏನೂ ಇಲ್ಲ. ಇರೋದಾದರೂ ಹೇಗೆ? ಪೊಲೀಸರು ಬ್ಯಾಟರಿ ತಂತಿ ಬಿಚ್ಚಿ ಇಟ್ಟಿದ್ದರಲ್ಲ, ಈ ಹಳೇ ಕಂಪ್ಯೂಟರಿನ ನೆನಪೆಲ್ಲ ಆಗಲೇ ಅಳಿಸಿಹೋಗಿದೆ. ಅವತ್ತು ಏನಾಯಿತು ಅಂತ ನೋಡಿದ್ದ ಒಂದೇ ಒಂದು ಪ್ರಾಣಿ ಅದು. ಅದೂ ಮರೆತು ಕೂತಿದೆ.

ಅಣ್ಣನಿಗೆ ಈ ಗಾಡಿ ಕಂಡರೆ ಅಷ್ಟಕ್ಕಷ್ಟೇ. ಅವನು ಬೆಳೆದದ್ದು ಡಿಸ್ಟ್ರಿಬ್ಯೂಟರ್ ಇರುವ ಎಂಜಿನ್ನುಗಳ ಜೊತೆ. ಅದೊಂದು ಮುಚ್ಚಳದ ಡಬ್ಬಿ; ಒಳಗೆ ಒಂದು ತೋಳು ಸುತ್ತುತ್ತಾ ಒಂದೊಂದು ಪ್ಲಗ್ಗಿಗೂ ಸರದಿ ಪ್ರಕಾರ ಕರೆಂಟು ಬಡಿಸುತ್ತೆ. ಅಣ್ಣ ಅದನ್ನ ಕೈಯಲ್ಲಿ ಹಿಡಿದು ಕೂದಲೆಳೆಯಷ್ಟು ತಿರುಗಿಸಿ, ಉದ್ದ ಸ್ಕ್ರೂಡ್ರೈವರಿನ ಹಿಡಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿಕೊಂಡು ಕಿಡಿ ಹಾರೋ ಟೈಮಿಂಗ್ ಕೂರಿಸ್ತಿದ್ದ. ಬಾಯಲ್ಲಿ ಯಾವಾಗಲೂ ಒಂದು ಪೆಪ್ಪರ್‌ಮಿಂಟು.

ಈ ಗಾಡಿಯಲ್ಲಿ ಆ ಡಬ್ಬಿಯೇ ಇಲ್ಲ. ಎಂಜಿನ್ನಿನ ಶಾಫ್ಟಿನ ಜೊತೆ ಸುತ್ತೋ ಒಂದು ಹಲ್ಲಿನ ಚಕ್ರ ಇದೆ, ಒಂದು ಕಡೆ ಬೇಕಂತಲೇ ಹಲ್ಲು ಬಿಟ್ಟಿರ್ತಾರೆ. ಪಕ್ಕದಲ್ಲಿ ಹೆಬ್ಬೆರಳಷ್ಟು ಸೆನ್ಸರ್. ಒಂದೊಂದು ಹಲ್ಲು ಹಾದಾಗಲೂ ಅದು ಕಂಪ್ಯೂಟರಿಗೆ ಸುದ್ದಿ ಕೊಡುತ್ತೆ. ಬೋಳು ಜಾಗ ಬಂದಾಗ ಶಾಫ್ಟು ಎಲ್ಲಿದೆ ಅಂತ ಅದಕ್ಕೆ ಗೊತ್ತಾಗುತ್ತೆ. ಕಿಡಿ ಯಾವಾಗ ಹಾರಬೇಕು ಅನ್ನೋದು ಆಮೇಲೆ ಕಂಪ್ಯೂಟರಿನ ಯಜಮಾನಿಕೆ. ತಿರುಗಿಸೋಕೆ ಏನೂ ಇಲ್ಲ. ‘ಕೈ ಹಾಕೋಕೆ ಜಾಗ ಇಲ್ಲದ ಎಂಜಿನ್ನು ಎಂಥ ಎಂಜಿನ್ನೋ, ಡಬ್ಬಿ ಡಾಕ್ಟರೇ?’ ಅಂತ ರೇಗಿಸ್ತಿದ್ದ. ಸ್ಕ್ಯಾನರ್ ಡಬ್ಬಿ ಹಿಡಿದವನು ಅಂತ ನನಗೆ ಇಟ್ಟ ಹೆಸರು. ನಾನೂ ಬಿಡ್ತಿರಲಿಲ್ಲ, ‘ಡಿಸ್ಟ್ರಿಬ್ಯೂಟರ್ ದೊರೆ’ ಅಂತಿದ್ದೆ.

ಡ್ರೈವರ್ ಸೀಟು ಅವನ ಉದ್ದ ಕಾಲಿಗೆ ಹಿಂದಕ್ಕೇ ತಳ್ಳಿದೆ. ನನಗೆ ಕ್ಲಚ್ಚು ಸರಿಯಾಗಿ ಎಟುಕೋದಿಲ್ಲ. ಪರೀಕ್ಷೆ ಮುಗಿಯೋವರೆಗೂ ಏನೂ ಬದಲಾಯಿಸಬಾರದು ಅಂತ ಹಾಗೇ ಬಿಟ್ಟಿದ್ದೀನಿ.

ಡಿಕ್ಕಿಯಲ್ಲಿ ಒಂದು ಗುಂಡಗಿನ ತುಕ್ಕಿನ ಗುರುತು. ಅಲ್ಲೊಂದು ತಗಡಿನ ಕ್ಯಾನು ಇರ್ತಿತ್ತು. ಪೊಲೀಸರು ಎತ್ತಿಟ್ಟುಕೊಂಡಿರಬೇಕು, ಅವರಿಗೆ ಅದೊಂದು ಕಡಿಮೆಯಾಗಿತ್ತು.

ಜುಲೈ ೧೧, ಶುಕ್ರವಾರ

ಅತ್ತಿಗೆ ಮನೆಗೆ ಹೋಗಿದ್ದೆ. ಗುಬ್ಬಿ ರೂಮಿನಿಂದ ಹೊರಗೇ ಬರಲಿಲ್ಲ. ಅಣ್ಣನ ಒಬ್ಬಳೇ ಮಗಳು. ಹುಟ್ಟಿದಾಗ ಗುಬ್ಬಿಯಷ್ಟಿದ್ದಳು ಅಂತ ಅವನೇ ಇಟ್ಟ ಹೆಸರು. ನರ್ಸಿಂಗ್ ಓದ್ತಿದ್ದಳು. ಅಪ್ಪ ಹೋದ ಮೇಲೆ ಹಾಸ್ಟೆಲ್ಲಿಗೆ ವಾಪಸ್ ಹೋಗಿಲ್ಲ, ಹೋಗೋದೂ ಇಲ್ಲವಂತೆ.

ಅತ್ತಿಗೆ ಬಾಗಿಲ ಕಡೆ ನೋಡಿಕೊಂಡು ಮೆಲ್ಲಗೆ ಹೇಳಿದರು. ಹಿಂದಿನ ದಿನ ಸಂಜೆ ಅಪ್ಪ ಮಗಳಿಗೆ ಫೋನಿನಲ್ಲಿ ಜಗಳ ಆಗಿತ್ತಂತೆ. ಅಪ್ಪ ಪ್ರತಿ ಭಾನುವಾರ ತಡ. ಹಾಸ್ಟೆಲ್ಲಿನಲ್ಲಿ ನೋಡೋಕೆ ಬರುವವರಿಗೆ ಒಂದು ಗಂಟೆ ಮಾತ್ರ ಬಿಡ್ತಾರೆ, ಅದರಲ್ಲಿ ಮುಕ್ಕಾಲು ಪಾಲು ಕಾಯೋದರಲ್ಲೇ ಹೋಗ್ತಿತ್ತು. ಬಂದರೂ ಪ್ಯಾಂಟಿನ ತುದಿಯೆಲ್ಲ ಒದ್ದೆ, ಕೆಸರು. ಗೇಟಿನಲ್ಲಿ ಹುಡುಗಿಯರು ನಗ್ತಿದ್ದರು. ಯಾಕಪ್ಪಾ ಅಂದರೆ ‘ದಾರೀಲಿ ಕೆಲಸ ಇತ್ತು ಮಗಳೇ’ ಅಷ್ಟೇ ಉತ್ತರ.

‘ನನಗಿಂತ ದೊಡ್ಡ ಕೆಲಸ ಇದ್ರೆ ಬರಲೇಬೇಡ, ನಿನ್ನ ಮುಖ ನೋಡೋ ಆಸೆ ನನಗಿಲ್ಲ ಅಂದುಬಿಟ್ಟಳಂತೆ ಕಣಪ್ಪಾ,’ ಅಂದರು ಅತ್ತಿಗೆ. ‘ಈಗ ನಾನೇ ಅಪ್ಪನ್ನ ತಳ್ಳಿದೆ ಅಂತಾಳೆ. ಎದುರಿಗೆ ಕೂತು ತಿನ್ನಿಸಿದ್ರೂ ಎರಡು ತುತ್ತು. ನನಗೆ ಭಯ ಆಗುತ್ತೆ.’

‘ಗಾಡಿ ಕೆಟ್ಟಿತ್ತು ಅತ್ತಿಗೆ, ನಾನು ತೋರಿಸ್ತೀನಿ’ ಅಂದೆ. ಬಾಯಿಂದ ಬಂದುಬಿಟ್ಟಿತು. ಈಗ ತೋರಿಸಲೇಬೇಕು.

ಜುಲೈ ೧೨

ಎಂಜಿನ್ ನಿಂತಲ್ಲೇ ಮಧ್ಯಾಹ್ನದವರೆಗೆ ಓಡಿಸಿದೆ. ಗಡಿಯಾರದ ಹಾಗೆ ಓಡಿತು. ದರಿದ್ರದ್ದು.

ಜುಲೈ ೧೯, ಶನಿವಾರ

ವಾರವಿಡೀ ದಾರಿ ಪರೀಕ್ಷೆ. ಅವನು ಹೋಗ್ತಿದ್ದ ದಾರಿಯಲ್ಲೇ ಹೋದೆ. ದೊಡ್ಡ ರಸ್ತೆಯಲ್ಲಿ ಜೋರಾಗಿ, ಆಮೇಲೆ ಗುಡ್ಡದ ಏರು, ಆಮೇಲೆ ಇಳಿದು ಹೊಳೆ. ಸೇತುವೆ ಕಿರಿದು, ಒಂದು ಸಲಕ್ಕೆ ಒಂದೇ ಕಡೆಯ ಗಾಡಿ ಬಿಡ್ತಾರೆ. ಕೆಂಪು ದೀಪಕ್ಕೆ ಅಲ್ಲಿ ಸಾಲಾಗಿ ಕಾಯಬೇಕು.

ಗುಡ್ಡ ಇಳಿದು ದೂರದಲ್ಲಿ ಸಾಲು ಕಂಡಿದ್ದೇ ತಿರುಗಿಸಿಕೊಂಡು ಬಂದೆ. ಸುಮ್ಮನೆ ನಿಂತು ಪೆಟ್ರೋಲು ಸುಡೋದು ದಂಡ ಅಲ್ಲವಾ? ನಿನ್ನೆಯೂ ಅಷ್ಟೇ, ಮೊನ್ನೆಯೂ ಅಷ್ಟೇ. ಸೇತುವೆಗೂ ಎಂಜಿನ್ನಿಗೂ ಏನು ಸಂಬಂಧ.

ಗಾಡಿ ಒಂದು ಸಲವೂ ನಿಲ್ಲಲಿಲ್ಲ. ಇವತ್ತು ವಾಪಸ್ ಬರುವಾಗ ಗಾಡಿಯೊಳಗೆ ಪೆಪ್ಪರ್‌ಮಿಂಟಿನ ವಾಸನೆ ಗಮ್ ಅಂತ ಬಂತು. ಕಿಟಕಿ ಇಳಿಸಿದರೂ ಹೋಗಲಿಲ್ಲ. ಮನೆಯಲ್ಲಿ ಇವಳಿಗೆ ಹೇಳಿದೆ. ‘ವಾಸನೆ ನಿಮ್ಮ ಬಾಯಿಂದಲೇ ಬರ್ತಿದೆಯಲ್ರೀ’ ಅಂದಳು. ಜೇಬಿನಲ್ಲಿ ನೋಡಿದರೆ ಪೊಟ್ಟಣ. ಯಾವಾಗ ತಗೊಂಡೆ?

ಜುಲೈ ೨೪

ಗ್ಯಾರೇಜಿನಲ್ಲಿ ನಾನೊಬ್ಬನೇ ಇದ್ದೆ. ಬಾನೆಟ್ ಮೇಲೆ ಎರಡು ಸಲ ತಟ್ಟಿದ ಸದ್ದು. ಅಣ್ಣ ಯಾವ ಗಾಡಿ ರಿಪೇರಿ ಮುಗಿಸಿದರೂ ಎರಡು ಸಲ ತಟ್ಟಿಯೇ ಕಳಿಸ್ತಿದ್ದ, ದನ ಕಳಿಸಿದ ಹಾಗೆ.

ಬಿಸಿಯಾದ ತಗಡು ತಣ್ಣಗಾಗುವಾಗ ಸದ್ದು ಮಾಡುತ್ತೆ, ಗೊತ್ತು. ಆದರೆ ಗಾಡಿ ಇವತ್ತು ಸ್ಟಾರ್ಟೇ ಮಾಡಿರಲಿಲ್ಲ.

ಆಗಸ್ಟ್ ೨, ಶನಿವಾರ

ಪ್ಲಗ್ಗು, ವೈರು, ಕಾಯಿಲ್ಲು ಎಲ್ಲ ಬಿಚ್ಚಿ ನೋಡಿದೆ. ದೋಷ ಇಲ್ಲ. ಕಾಯಿಲ್ಲು ಕೈಯಲ್ಲಿ ಹಿಡ್ಕೊಂಡು ಸುಮಾರು ಹೊತ್ತು ಕೂತಿದ್ದೆ.

ನಿನಗೆ ಇದನ್ನ ವಿವರಿಸಿದ ದಿನ ನೆನಪಾಯಿತು ಅಣ್ಣಾ. ಎರಡೇ ಕಾಯಿಲ್ಲು, ನಾಲ್ಕು ಪ್ಲಗ್ಗು. ಒಂದು ಕಾಯಿಲ್ಲು ಒಂದೇ ಏಟಿಗೆ ಎರಡು ಪ್ಲಗ್ಗಿನಲ್ಲಿ ಕಿಡಿ ಹಾರಿಸುತ್ತೆ. ಒಂದು ಸಿಲಿಂಡರಿನಲ್ಲಿ ಪೆಟ್ರೋಲು ಗಾಳಿ ಒತ್ತಿಕೊಂಡು ಕಾಯ್ತಿರುತ್ತೆ, ಭಗ್ ಅಂತ ಹೊತ್ತಿಕೊಳ್ಳುತ್ತೆ. ಅದರ ಜೋಡಿಯಲ್ಲಿ ಆಗ ಸುಟ್ಟ ಹೊಗೆ ಹೊರಗೆ ಹೋಗ್ತಿರುತ್ತೆ, ಅಲ್ಲಿ ಹಾರಿದ ಕಿಡಿ ದಂಡ. ನೀನು ಬಾಯಿ ಚಪ್ಪರಿಸಿ, ‘ಅಯ್ಯೋ ಪಾಪ, ಖಾಲಿ ಮನೆ ಬಾಗಿಲು ತಟ್ಟಿದ ಹಾಗಾಯ್ತಲ್ಲೋ’ ಅಂದೆ. ನಾನು ನಕ್ಕಿದ್ದೆ.

ಈಗ ದಿನಾ ನಾನು ಮಾಡ್ತಿರೋದು ಅದೇ. ಈ ಗಾಡಿ ಹತ್ತಿರ ಬಂದು ಮಾತಾಡ್ತೀನಿ, ಉತ್ತರ ಇಲ್ಲ. ನಿನ್ನ ಮೇಲೆ ಸಿಟ್ಟು ಬರುತ್ತೆ. ಗಾಡಿಯಲ್ಲಿ ಏನಾದರೂ ಇದ್ದಿದ್ದರೆ ನನಗೊಂದು ಮಾತು ಹೇಳೋಕೆ ನಿನಗೇನು ಬಂದಿತ್ತು? ಒಂದೇ ಸೂರಿನ ಕೆಳಗೆ ಕೆಲಸ ಮಾಡ್ತಿದ್ದೆವು. ಡಬ್ಬಿ ಡಾಕ್ಟರನ್ನ ಕೇಳಿದರೆ ದೊರೆಯ ಕಿರೀಟ ಬಿದ್ದುಹೋಗ್ತಿತ್ತಾ?

ಸಂಜೆ ಅತ್ತಿಗೆ ಮನೆ ಗೇಟು ತಟ್ಟಿದೆ. ಅವರು ಓಡಿ ಬಂದು ನನ್ನ ನೋಡಿ ಬೆಪ್ಪಾಗಿ ನಿಂತರು. ‘ಹಾಗೆ ಎರಡು ಸಲ ತಟ್ಟಬೇಡ ಮಾರಾಯ’ ಅಂದು ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಎಷ್ಟು ಸಲ ತಟ್ಟಿದೆನೋ ಯಾರು ಎಣಿಸಿದರು?

ಆಗಸ್ಟ್ ೫, ಮಂಗಳವಾರ

ಸಿಕ್ಕಿತು! ಸಿಕ್ಕಿತು ಅಣ್ಣಾ!

ಉಳಿದಿದ್ದು ಹಲ್ಲಿನ ಚಕ್ರದ ಪಕ್ಕದ ಆ ಸೆನ್ಸರ್ ಒಂದೇ. ಎಂಜಿನ್ನಿನ ಹಿಂಬದಿ, ಗೇರ್ ಬಾಕ್ಸ್ ಸೇರೋ ಜಾಗದಲ್ಲಿ, ಕೈ ಉದ್ದಕ್ಕೆ ಚಾಚಿದರೆ ಮಾತ್ರ ಎಟುಕುತ್ತೆ. ಚಾಚಿದೆ. ಬೆರಳಿಗೆ ಬಟ್ಟೆ ಸಿಕ್ಕಿತು. ಸೆನ್ಸರಿಗೆ ಯಾರೋ ಬಟ್ಟೆ ಚೂರು ಸುತ್ತಿದ್ದಾರೆ! ಬಿಚ್ಚಿದರೆ ನಿನ್ನ ಹಳೇ ನೀಲಿ ಅಂಗಿಯ ತೋಳು, ಒಣಗಿ ರಟ್ಟಿನ ಹಾಗಾಗಿದೆ, ಮಡಿಕೆಯಲ್ಲೆಲ್ಲ ಕಪ್ಪು ಮರಳು. ರಸ್ತೆ ಧೂಳಿರಬೇಕು.

ಎಂಜಿನ್ ಓಡ್ತಿರುವಾಗಲೇ ಇವಳ ತಲೆ ಒಣಗಿಸೋ ಯಂತ್ರ ತಂದು ಸೆನ್ಸರಿಗೆ ಬಿಸಿಗಾಳಿ ಹಿಡಿದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಗಾಡಿ ನಿಂತಿತು. ಹೇಗೆ ಬರೆಯಲಿ? ಕೆಮ್ಮಲಿಲ್ಲ, ನಡುಗಲಿಲ್ಲ. ಓಡ್ತಿತ್ತು, ಮರುಕ್ಷಣ ಇಲ್ಲ. ಯಾರೋ ಕೈ ಚಾಚಿ ಕೀಲಿ ತಿರುಗಿಸಿದ ಹಾಗೆ. ನಾನು ತಿರುಗಿ ಸೀಟು ನೋಡಿದೆ.

ಹಳೇ ಗಾಡಿಯಾದರೆ ಕಿಡಿ ಒಂದೊಂದಾಗಿ ತಪ್ಪುತ್ತೆ, ಅದಕ್ಕೇ ಜಗ್ಗುತ್ತೆ, ಕೆಮ್ಮುತ್ತೆ. ಇಲ್ಲಿ ಸೆನ್ಸರಿನೊಳಗಿನ ತಂತಿ ಬಿಸಿಗೆ ಬಿಟ್ಟುಕೊಂಡರೆ ಶಾಫ್ಟು ಸುತ್ತುತ್ತಿದೆ ಅನ್ನೋದೇ ಕಂಪ್ಯೂಟರಿಗೆ ತಿಳಿಯೋದಿಲ್ಲ. ಕಿಡಿಯೂ ಬಂದ್, ಪೆಟ್ರೋಲೂ ಬಂದ್, ಎಲ್ಲ ಒಂದೇ ಸಲ. ತಣ್ಣಗಾದರೆ ತಂತಿ ಮತ್ತೆ ತಾಗಿಕೊಳ್ಳುತ್ತೆ, ಗಾಡಿ ಏನೂ ಅರಿಯದ ಮಗುವಿನ ಹಾಗೆ ಸ್ಟಾರ್ಟ್ ಆಗುತ್ತೆ. ಒದ್ದೆ ಬಟ್ಟೆ ಹಾಕಿದರೆ ಬೇಗ. ನಿನಗೆ ದೋಷ ಗೊತ್ತಿತ್ತು. ಸ್ಕ್ಯಾನರ್ ಇಲ್ಲದೆ ಕಂಡುಹಿಡಿದಿದ್ದೆ ಕಳ್ಳ! ಯಾರಿಗೂ ಹೇಳಲಿಲ್ಲ ಅಷ್ಟೇ. ಮೆಕ್ಯಾನಿಕ್ಕಿನ ಗಾಡಿ ದಾರಿಯಲ್ಲಿ ಕೆಟ್ಟು ನಿಲ್ಲುತ್ತೆ ಅಂತ ಯಾವ ಬಾಯಲ್ಲಿ ಹೇಳೋದು, ಅಲ್ಲವಾ?

ಆಗಸ್ಟ್ ೬, ಬುಧವಾರ

ಸೆನ್ಸರ್ ಕಥೆಯೆಲ್ಲ ಅತ್ತಿಗೆಗೆ ಹೇಳಿದೆ. ಗುಬ್ಬಿಯ ಬಾಗಿಲು ಇಷ್ಟೇ ಇಷ್ಟು ತೆರೆದುಕೊಂಡಿತು. ಅವಳು ಕೇಳಿಸಿಕೊಳ್ತಿದ್ದಾಳೆ ಅಂತ ಗೊತ್ತಾಗಿ ಇನ್ನೂ ಜೋರಾಗಿ ಹೇಳಿದೆ.

ಅತ್ತಿಗೆ ಎಲ್ಲ ಕೇಳಿ, ‘ಗಾಡಿ ಕೆಟ್ಟಿದ್ರೆ ಅವರು ಬಾನೆಟ್ ತೆಗೀದೇ ಇರ್ತಿದ್ರೇನಪ್ಪಾ?’ ಅಂದರು. ‘ಬೇರೆಯವರ ಗಾಡಿ ನಿಂತಿರೋದು ಕಂಡ್ರೂ ಇಳಿದು ಬಾನೆಟ್ ಎತ್ತೋ ಮನುಷ್ಯ. ನಮ್ಮ ಮದುವೆ ದಿನವೂ ಎತ್ತಿದ್ರು.’

ಗುಬ್ಬಿಯ ಬಾಗಿಲು ಮುಚ್ಚಿಕೊಂಡಿತು.

ಬಾನೆಟ್ ಯಾಕೆ ತೆಗೀಲಿಲ್ಲ? ಯಾಕೋ? ಹೇಳೋ.

ಆಗಸ್ಟ್ ೯

ಹಾಸ್ಟೆಲ್ಲಿಂದ ಫೋನು. ಸೋಮವಾರದೊಳಗೆ ಬರದಿದ್ದರೆ ಹೆಸರು ತೆಗೀತಾರಂತೆ. ‘ತೆಗೀಲಿ. ನಾಳೆ ಹೋಗಿ ಪೆಟ್ಟಿಗೆ ತಂದುಬಿಡೋಣ ಚಿಕ್ಕಪ್ಪ’ ಅಂದಳು ಗುಬ್ಬಿ. ಅಷ್ಟು ದಿನಕ್ಕೆ ಅವಳು ನನ್ನ ಜೊತೆ ಆಡಿದ ಮೊದಲ ಮಾತು ಅದು.

ಹೊಸ ಸೆನ್ಸರ್ ತಂದಿಟ್ಟಿದ್ದೀನಿ. ಹಾಕಿಲ್ಲ, ಪರೀಕ್ಷೆ ಇನ್ನೂ ಮುಗಿದಿಲ್ಲ. ಹಳೇ ಬಟ್ಟೆಯನ್ನೇ ಮತ್ತೆ ಸುತ್ತಿ ಇಟ್ಟೆ.

ಆಗಸ್ಟ್ ೧೦, ಭಾನುವಾರ

ಮರೆಯೋ ಮೊದಲು ಬರೀತೀನಿ. ಮರೆಯೋದಿಲ್ಲ, ಆದರೂ.

ಬೆಳಿಗ್ಗೆ ಹೊರಟೆವು. ಗುಬ್ಬಿ ಪಕ್ಕದಲ್ಲಿ ಕೂತಿದ್ದಳು, ಮಡಿಲಲ್ಲಿ ನೀರಿನ ಬಾಟಲು. ಗುಡ್ಡ ಹತ್ತಿ ಇಳಿದೆವು. ಸೇತುವೆ ಮುಂದೆ ಉದ್ದ ಸಾಲು. ಇವತ್ತು ತಿರುಗಿಸಿಕೊಂಡು ಹೋಗೋ ಹಾಗಿರಲಿಲ್ಲ, ಅವಳಿದ್ದಳಲ್ಲ. ನಿಂತೆ. ಏರು ಹತ್ತಿ ಕಾದ ಎಂಜಿನ್ನು, ನಿಂತರೆ ಗಾಳಿಯೂ ಇಲ್ಲ. ಒಳಗೆ ಬಿಸಿ ಏರ್ತಾ ಇರೋದು ಕಾಲಿಗೇ ತಿಳೀತಿತ್ತು. ಹಸಿರು ದೀಪ ಬಂತು, ಸೇತುವೆ ಹತ್ತಿದೆವು. ಬಾಟಲಲ್ಲಿ ಉಳಿದಿದ್ದ ಕೊನೆಯ ಎರಡು ಗುಟುಕು ಅವಳು ಕುಡೀತಿದ್ದಳು. ಗಾಡಿ ನಿಂತಿತು.

ಕೆಮ್ಮಲಿಲ್ಲ. ಟೈರಿನ ಸದ್ದು ಮಾತ್ರ ಉಳಿಯಿತು. ಮೆಲ್ಲಗೆ ಓರೆಗೆ ಎಳೆದು ನಿಲ್ಲಿಸಿದೆ. ಹಿಂದಿನವರು ಬೈದುಕೊಂಡು ಮುಂದೆ ಹೋದರು. ಗುಬ್ಬಿ ಬಿಳಚಿಕೊಂಡು ಸೇತುವೆಯ ತಡೆಗೋಡೆ ಕಡೆ ನೋಡ್ತಿದ್ದಳು. ‘ಇಲ್ಲೇ’ ಅಂದಳು. ‘ಇಲ್ಲೇ ಅಲ್ವಾ?’

ನಾನು ಇಳಿದೆ. ನೇರ ಹಿಂದಕ್ಕೆ ಹೋಗಿ ಡಿಕ್ಕಿ ತೆಗೆದು ಕೈ ಹಾಕಿದೆ. ಅವಳೂ ಇಳಿದು ಹಿಂದೆ ಬಂದಳು.

‘ಚಿಕ್ಕಪ್ಪ, ಬಾನೆಟ್ ತೆಗೆಯಲ್ವಾ?’

‘ಈಗಲೇ ತೆಗೆದು ಏನು ಮಾಡ್ಲಿ ಮಗಳೇ? ಏನಾಗಿದೆ ಅಂತ ಗೊತ್ತೇ ಇದೆಯಲ್ಲ. ಮೊದಲು ನೀರು ತರಬೇಕು.’

ಹೇಳಿದ ಮೇಲೆ ನನ್ನ ಮಾತು ನನಗೆ ಕೇಳಿಸಿತು. ನನ್ನ ಕೈ ಡಿಕ್ಕಿಯಲ್ಲಿ, ಆ ತುಕ್ಕಿನ ಗುರುತಿನ ಮೇಲಿತ್ತು, ಇಲ್ಲದ ಕ್ಯಾನನ್ನ ಹುಡುಕ್ತಾ. ಗುಬ್ಬಿ ನನ್ನ ಮುಖವನ್ನೇ ನೋಡ್ತಿದ್ದಳು. ‘ಅಪ್ಪನ ಥರಾನೇ ಅಂದ್ರಿ’ ಅಂದಳು, ಉಸಿರೇ ಇಲ್ಲದ ದನಿಯಲ್ಲಿ.

ಕ್ಯಾನು ಪೊಲೀಸರು ಎತ್ತಿಟ್ಟುಕೊಂಡಿರಲಿಲ್ಲ.

ಸೇತುವೆಯ ಈ ತುದಿಗೆ ನಡೆದು ಬಂದೆವು. ಪಕ್ಕದಲ್ಲಿ ಹೊಳೆಗೆ ಇಳಿಯೋ ಕಲ್ಲಿನ ಮೆಟ್ಟಿಲು. ಅವಳು ಖಾಲಿ ಮಾಡಿದ ಬಾಟಲು ಹಿಡ್ಕೊಂಡು ಮುಂದೆ ಇಳಿದಳು. ಕೊನೆಯ ಮೆಟ್ಟಿಲುಗಳ ಮೇಲೆ ಪಾಚಿ, ಅದರ ಮೇಲೆ ಕಪ್ಪು ಮರಳು, ಬಿಸಿಲಿಗೆ ಮಿಣಮಿಣ ಅಂತಿತ್ತು. ನಿನ್ನ ಅಂಗಿ ತೋಳಿನ ಮಡಿಕೆಯಲ್ಲಿದ್ದದ್ದು ಇದೇ ಮರಳು. ಅವಳು ಬಗ್ಗಿ ಬಾಟಲು ಅದ್ದಿದಳು, ಕಾಲು ಜಾರಿತು. ಅವಳ ಮೊಣಕೈ ನನ್ನ ಕೈಗೆ ಸಿಕ್ಕಿತು. ಹೊಳೆ ಎಷ್ಟು ಜೋರಾಗಿ ಎಳೆಯಿತು ಗೊತ್ತಾ, ಕಣಕಾಲಿನವರೆಗೆ ಇಳಿದಿದ್ದಳು ಅಷ್ಟೇ. ಆ ವಾರ ನೀರು ಇನ್ನೂ ಮೇಲಿತ್ತು. ನಿನಗೆ ಆ ಹಾಳು ಮಂಡಿ. ನಿನಗೆ ಕೈ ಕೊಡೋಕೆ ಯಾರೂ ಇರಲಿಲ್ಲ. ನಾನು ಇರಲಿಲ್ಲ.

ಮೇಲಿನ ಮೆಟ್ಟಿಲಿಗೆ ಎಳೆದು ಕೂರಿಸಿದೆ. ಅವಳು ಏದುಸಿರು ಬಿಡ್ತಾ ತನ್ನ ಕಾಲು ನೋಡಿಕೊಂಡಳು. ಪ್ಯಾಂಟಿನ ತುದಿ ಒದ್ದೆ. ಅದಕ್ಕೆ ಅಂಟಿದ ಕೆಸರು, ಕಪ್ಪು ಮರಳು. ನೋಡ್ತಾ ನೋಡ್ತಾ ಅವಳ ಮುಖ ಮುರಿಯಿತು.

‘ಚಿಕ್ಕಪ್ಪ, ಅಪ್ಪ ಪ್ರತಿ ಸಲ ಹೀಗೇ ಬರ್ತಿದ್ರು. ಹೀಗೇ.’ ಒದ್ದೆ ಬಟ್ಟೆಯನ್ನ ಎರಡೂ ಕೈಯಲ್ಲಿ ಮುಷ್ಟಿ ಹಿಡಿದು ಅತ್ತಳು. ‘ನೀರು ತರೋಕೆ ಇಳಿದಿದ್ರು. ಬರಬೇಡ ಅಂದ್ರೂ ಬರೋಕೇ ಇಳಿದಿದ್ರು.’ ನಾನೂ ಅತ್ತೆ. ಅಷ್ಟು ದಿನ ಅತ್ತಿರಲಿಲ್ಲ ಅಂತ ಆಗ ಗೊತ್ತಾಯಿತು.

ಬಾಟಲು ಕಳೆದುಕೊಂಡಿರಲಿಲ್ಲ ಹುಡುಗಿ, ಗಟ್ಟಿಯಾಗಿ ಹಿಡ್ಕೊಂಡೇ ಇದ್ದಳು. ಮೇಲೆ ಬಂದು ಬಾನೆಟ್ ಎತ್ತಿ, ನಿನ್ನ ಅಂಗಿ ತೋಳಿನ ಮೇಲೆ ನೀರು ಹುಯ್ದೆವು. ಚುಯ್ ಅಂತು. ಸ್ವಲ್ಪ ಕಾದೆವು. ಕೀಲಿ ಅವಳೇ ತಿರುಗಿಸಿದಳು, ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು.

ಹಾಸ್ಟೆಲ್ ಗೇಟಿಗೆ ಬಂದಾಗ ನೋಡುವವರ ಹೊತ್ತು ಮುಗಿಯೋದರಲ್ಲಿತ್ತು. ಗೇಟು ಕಾಯೋ ಹೆಂಗಸು ನಮ್ಮಿಬ್ಬರ ಕೆಸರು ಕಾಲನ್ನ ಕೆಳಗಿಂದ ಮೇಲೆ ನೋಡಿ, ‘ಈ ಗಾಡಿಯವರದ್ದು ಯಾವಾಗಲೂ ಇದೇ ಕಥೆ. ಯಾಕಮ್ಮಾ ಇಷ್ಟು ತಡ? ಪೆಟ್ಟಿಗೆ ತಗೊಂಡು ಹೋಗೋಕೆ ಬಂದ್ಯಾ?’ ಅಂದಳು.

‘ಇಲ್ಲ, ಇರೋಕೆ ಬಂದೆ’ ಅಂದಳು ಗುಬ್ಬಿ. ಆಮೇಲೆ ಒದ್ದೆ ತುದಿ ಮುಚ್ಚಿಕೊಳ್ಳದೆ, ಅಲ್ಲಿದ್ದ ಹುಡುಗಿಯರಿಗೆಲ್ಲ ಕೇಳೋ ಹಾಗೆ ಹೇಳಿದಳು: ‘ದಾರೀಲಿ ಗಾಡಿ ನಿಂತುಹೋಗಿತ್ತು. ನೀರು ತರೋಕೆ ಹೋಗಿದ್ವಿ.’